ಬಲಗಡೆಯ ಮುಂದಿನ ಗಾಲಿ

೯ ನವೆಂಬರ್, ಭಾನುವಾರ
ಇಂದೂ ಅದೇ ಕಥೆ. ಎದ್ದು ನೋಡಿದರೆ ಕಾರಿನ ಬಲಗಡೆಯ ಮುಂದಿನ ಗಾಲಿಯಲ್ಲಿ ಗಾಳಿ ಇಲ್ಲ. ಪಂಪ್ ಹೊಡೆದು ಹೊಡೆದು ರಟ್ಟೆ ಬಿದ್ದುಹೋಯಿತು. ಉಳಿದ ಮೂರೂ ಛಲೋ ಇವೆ. ಇದೊಂದಕ್ಕೇ ಏನು ಧಾಡಿ?

ಸಂಪದಾ ಸ್ಟೇರಿಂಗ್ ಮುಟ್ಟಿ ಎರಡು ವರ್ಷವಾಯಿತು. ನವನಗರದ ತಿರುವಿನಲ್ಲಿ ಡಿವೈಡರಿಗೆ ಬಡಿದು ಮುಂಗೈ ಮುರಿದಾಗಿನಿಂದ. ಕೈ ಕೂಡಿತು, ಧೈರ್ಯ ಕೂಡಲಿಲ್ಲ. ಹಾಡಿಕೊಂಡು ಕಾರು ಓಡಿಸುತ್ತಿದ್ದ ನನ್ನ ಹೆಂಡತಿ ಈಗ ಶೆಡ್ಡಿನ ಕಡೆ ನೋಡುವುದೂ ಇಲ್ಲ. ವಾರಕ್ಕೊಮ್ಮೆ ನಾನೇ ಸ್ಟಾರ್ಟ್ ಮಾಡಿ ಆಫ್ ಮಾಡುತ್ತೇನೆ. ನಿನ್ನೆ ತಾನಾಗಿಯೇ ಅಂದಳು — ಗಾಡಿ ರೆಡಿಯಾದರೆ ಒಮ್ಮೆ ಕೂತು ನೋಡುತ್ತೇನೆ ಅಂತ. ಅವಳ ಮನಸ್ಸು ತಿರುಗುವ ಮೊದಲು ರೆಡಿ ಆಗಬೇಕು.

೧೧ ನವೆಂಬರ್
ಟೈರ್ ಅಂಗಡಿಯ ಮೈಲಾರಪ್ಪ ಗಾಲಿ ಬಿಚ್ಚಿದ. ಅಂಚಿನ ತುಂಬ ಬಿಳಿ ಪುಡಿ, ಬೆರಳಿಗೆ ತಾಗುವ ಸಣ್ಣ ಕುಳಿಗಳು. ಗಾಳಿ ಅಲ್ಲಿಂದಲೇ ಹೋಗುತ್ತಿದೆ.

"ಕಾರವಾರದ ಗಾಡಿ ಏನ್ರಿ ಸರ್ ಇದು? ಅಲ್ಯೂಮಿನಿಯಂ ಗಾಲಿ, ಉಪ್ಪು ಹತ್ತಿ ಹಾಳಾಗೈತಿ."

ನಾವಿರುವ ಮಾಳಮಡ್ಡಿಗೆ ಸಮುದ್ರ ಯಾವಾಗ ಬಂತು? ತಂತಿ ಬ್ರಷ್ ಹಚ್ಚಬೇಡಿ ಅಂದ. ಎಮರಿ ಪೇಪರು, ನೀರು, ತಾಳ್ಮೆ. ಮೂರನೆಯದು ಅವನ ಅಂಗಡಿಯಲ್ಲಿ ಸಿಗಲಿಲ್ಲ.

೧೭ ನವೆಂಬರ್
ಐದು ದಿನ ತಿಕ್ಕಿದ್ದೇ ತಿಕ್ಕಿದ್ದು. ಪುಡಿ ಹೋಗಿ ಹೊಳಪು ಬಂತು. ತೊಳೆದು, ಒಣಗಿಸಿ, ಪ್ರೈಮರ್, ಮೇಲೆ ಲ್ಯಾಕರ್. ಸಂಪದಾ ಚಹಾ ತಂದವಳು ನಿಂತು ನೋಡಿದಳು, ಗಾಲಿಯ ಮೇಲೆ ಬೆರಳಾಡಿಸಿದಳು. ಅಷ್ಟಕ್ಕೇ ನನಗೆ ಎದೆ ತುಂಬಿ ಬಂತು. ನಾಳೆ ಟೈರ್ ಕೂರಿಸಬೇಕು.

೨೦ ನವೆಂಬರ್, ಅಮಾವಾಸ್ಯೆ. ಸಂಜೆ ಆರೂವರೆ
ಕಳ್ಳ ಸಿಕ್ಕ. ನಮ್ಮ ಅವ್ವ! ಶೆಡ್ಡಿನಲ್ಲಿ ದೃಷ್ಟಿ ತೆಗೆಯುತ್ತಿದ್ದಳು. ಉಪ್ಪು ನಿವಾಳಿಸಿ, ತಂಬಿಗೆ ನೀರಲ್ಲಿ ಕರಗಿಸಿ, ಸಂಪದಾ ಕೂರುವ ಕಡೆಯ ಗಾಲಿಗೆ ಸುರಿಯುವುದು. ಎರಡು ವರ್ಷದಿಂದ, ಒಂದೂ ಅಮಾವಾಸ್ಯೆ ಬಿಟ್ಟಿಲ್ಲವಂತೆ. ಬೈಯಲು ಬಾಯಿ ತೆರೆದೆ.

"ಆಕೀ ಜೀವಕ್ಕ ಮತ್ತ ಏನೂ ಆಗಬಾರದಂತ ಹಾಕಿದೆ. ಉಪ್ಪು ಗಾಲೀನ ತಿಂತದಂತ ನನಗೇನು ಗೊತ್ತೋ ಕಪಿಲ?"

ಬಕೆಟ್ ನೀರು ಸುರಿದು ಗಾಲಿ ತೊಳೆದು, ಒಣಬಟ್ಟೆಯಿಂದ ಒರೆಸಿದೆ. ತಿರುಗಿದರೆ ಬಾಗಿಲಲ್ಲಿ ಸಂಪದಾ. ಎಲ್ಲ ಕೇಳಿಸಿಕೊಂಡಿದ್ದಾಳೆ. ಸೀದಾ ಒಳಗೆ ಹೋದಳು. ಹಳೆಯದೆಲ್ಲ ಮತ್ತೆ ನೆನಪಾಯಿತೇನೋ... ಹೆದರಿಕೆ ನನಗೇ.

೨೩ ನವೆಂಬರ್, ಭಾನುವಾರ. ಬೆಳಿಗ್ಗೆ ಏಳು
ಟೈರ್ ಕೂರಿಸಿ ಐದು ದಿನ, ಗಾಳಿ ಇಳಿದಿಲ್ಲ. ಮೊಳೆಯಲ್ಲಿ ಕಾರಿನ ಕೀಲಿ ಇಲ್ಲ. ಓಡಿಹೋಗಿ ನೋಡಿದರೆ ಸಂಪದಾ ಸ್ಟೇರಿಂಗ್ ಹಿಡಿದು ಕೂತಿದ್ದಾಳೆ. ಹಿಂದೆಯೇ ಅವ್ವ, ಉಪ್ಪಿನ ಡಬ್ಬಿ ಸಮೇತ. ಹಳೇ ಚಾಳಿ.

"ಅತ್ಯಾ, ಉಪ್ಪು ಬ್ಯಾಡ್ರಿ. ನೀವು ಬಾಜೂಕ ಕೂಡ್ರಿ. ಅಷ್ಟ ಸಾಕು."

ಅವ್ವ ಡಬ್ಬಿ ನನ್ನ ಕೈಗಿಟ್ಟು, ಚಪ್ಪಲಿಯೂ ಇಲ್ಲದೆ ಹತ್ತಿ ಕೂತಳು. ನನಗೆ ಹಿಂದಿನ ಸೀಟಂತೆ. ಡಬ್ಬಿ ಇಡಲು ಒಳಗೆ ಬಂದವನು ನಿಂತೇ ಬರೆಯುತ್ತಿದ್ದೇನೆ. ಎಂಜಿನ್ ಶುರುವಾಯಿತು. ಹಾರ್ನ್... ನನಗೇ. ಅದರ ಜೊತೆಗೆ ಇನ್ನೊಂದು ದನಿ... ಸಂಪದಾ ಹಾಡುತ್ತಿ —