ಕುರಿಯ ಕರುಳಿನ ಹೊಲಿಗೆ

ಮುಕ್ಕಾಂ ಅಥಣಿ, ಆಸ್ಪತ್ರೆಯ ಕಟ್ಟೆ
ತಾ. ೧೮–೧೧–೧೯೯೩

ಪ್ರೀತಿಯ ಅಳಿಯ ಭೀಮಸಿಗೆ, ನಿನ್ನ ಸೋದರಮಾವನೂ ಹೆಣ್ಣು ಕೊಟ್ಟ ಮಾವನೂ ಆದ ಅಪ್ಪಾಸಾಬನ ಆಶೀರ್ವಾದ. ಗಡಿ ಕಾಯುವ ಆ ಹಿಮದಲ್ಲಿ ನಿನ್ನ ಕೆಮ್ಮು ಹೇಗಿದೆ? ನಾನು ಕಳಿಸಿದ ಕಂಬಳಿ ಹೊದ್ದುಕೊಳ್ಳುತ್ತೀಯೋ, ಸಾಹೇಬರಿಗೆ ಕೊಟ್ಟುಬಿಟ್ಟೆಯೋ? ಇಲ್ಲಿ ಕುರಿಗಳು ಸಹಿತ ಎಲ್ಲರೂ ಕ್ಷೇಮ.

ಸುದ್ದಿ ಏನೆಂದರೆ, ಕಳೆದ ಶುಕ್ರವಾರ ನಿನ್ನ ಹೆಂಡತಿ ಲಗಮವ್ವನ ಸಿಜೇರಿಯನ್ ಮಾಡಿದವನು ನಾನೇ. ಡಾಕ್ಟರಬಾಯಿ ರಾಜಮತಿಯವರು ಪಕ್ಕದಲ್ಲಿ ನಿಂತು ನನಗೆ ಕತ್ತರಿ ಕೊಡುತ್ತಿದ್ದರು ಎಂದು ಬಂದವರಿಗೆಲ್ಲ ಹೇಳುತ್ತಿದ್ದೇನೆ; ನಿಜಕ್ಕೆ ನಾನಿದ್ದದ್ದು ಹೊರಗೆ, ಈ ಕಟ್ಟೆಯ ಮೇಲೆ. ಹೆಣ್ಣು ಕೂಸು ಹುಟ್ಟಿದೆ. ಕಿವಿ ನಿನ್ನವೇ, ಪಾಪ.

ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಕೊಯ್ದೇ ತೆಗೆಯಬೇಕೆಂದು ಬಾಯಿಯವರು ಮೊದಲೇ ಹೇಳಿದ್ದರು. ಆಮೇಲೆ ಗರ್ಭಚೀಲ ಹೊಲಿಯಲು ಅವರಲ್ಲಿ ಎರಡು ತರಹದ ನೂಲು. ಒಂದು ಹಳೆಯದು, ಕುರಿಯ ಕರುಳಿನದು. ಇನ್ನೊಂದು ಹೊಸದು, ಕಾರ್ಖಾನೆಯದು. ಎರಡೂ ಒಳಗೇ ಕರಗುತ್ತವೆ, ಹೊಸದು ಇನ್ನಷ್ಟು ದಿನ ಬಿಗಿಯಾಗಿರುತ್ತದೆ. ಆದರೂ ಯಾವುದು ಮೇಲು ಎಂದು ಅವರಿಗೂ ಗೊತ್ತಿಲ್ಲವಂತೆ. ಅದಕ್ಕೇ ಒಪ್ಪಿದ ಹೆಂಗಸರಿಗೆ ಮುಚ್ಚಿದ ಪಾಕೀಟು ಒಡೆದು, ಅದರಲ್ಲಿ ಬರೆದ ನೂಲಿನಿಂದ ಹೊಲಿದು, ಮುಂದೆ ವರ್ಷಗಟ್ಟಲೆ ತಾಳೆ ನೋಡುತ್ತಾರಂತೆ. ತಪಾಸಣೆಗೆ ಹೋದ ದಿನವೇ ಲಗಮವ್ವ ನನ್ನನ್ನು ಕೇಳದೆ ಒಪ್ಪಿ ಬಂದಳು.

ಕುರಿಯ ಕರುಳು ಎಂದ ಕೂಡಲೆ ನನಗೆ ನಮ್ಮ ಬಿಲ್ಲು ನೆನಪಾಯಿತು. ಉಣ್ಣೆ ಹಿಂಜುವ ನಮ್ಮ ಬಿಲ್ಲಿಗೆ ಬಿಗಿಯುವುದೂ ಕರುಳಿನ ಹುರಿಯೇ ಅಲ್ಲವೇ? ಬಿಸಿಲಲ್ಲಿ ಟಣ್ ಎನ್ನುತ್ತದೆ, ಮಳೆಯ ತೇವ ತಾಗಿದರೆ ಜೋತು ಬೀಳುತ್ತದೆ. ಹೊಟ್ಟೆಯೊಳಗೆ ಎಲ್ಲಿಯ ಬಿಸಿಲು? ಓದಿದವರು ಬರೀ ಮಾತನ್ನು ನಂಬುವುದಿಲ್ಲವೆಂದು ಬಿಲ್ಲನ್ನೇ ಹೆಗಲಿಗೆ ಹಾಕಿಕೊಂಡು, ಮಗಳನ್ನೂ ಕರೆದುಕೊಂಡು ಉಗಾರದಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ ಬಿಲ್ಲಿಗೆ ಅರ್ಧ ತಿಕೀಟು ಕೇಳಿದ. ಡಾಕ್ಟರಬಾಯಿಯ ಟೇಬಲ್ ಮೇಲೆ ಅದನ್ನಿಟ್ಟು, ಅವರ ಕುಡಿಯುವ ನೀರನ್ನೇ ಹುರಿಯ ಮೇಲೆ ಸುರಿದೆ. ಕಾಗದಗಳೂ ತೊಯ್ದವು. ನಾನು ಕದಲಲಿಲ್ಲ. ಹುರಿ ನೆನೆದು ಸಡಿಲಾದ ಮೇಲೆ ಕೇಳಿದೆ: “ನನ್ನ ಮಗಳ ಒಳಗ ಹಿಂಗಾದ್ರ ಏನ್ ಮಾಡ್ತೀರಿ?”

ಬಾಯಿಯವರು ನಗಲಿಲ್ಲ. ಹುರಿಯನ್ನು ಬೆರಳಿನಿಂದ ಮೀಟಿ ನೋಡಿದರು.

“ಕಾಕಾ, ನಿಮ್ಮ ಬಿಲ್ಲಿಗೆ ಹುರಿ ಯಾವತ್ತೂ ಬೇಕು. ಗರ್ಭಚೀಲ ಜೀವ ಇದ್ದದ್ದು, ತಾನ ಕೂಡಿಕೊಳ್ತೈತಿ. ಅದು ಕೂಡೂಮಟ ನೂಲು ಹಿಡದ್ರ ಸಾಕು.”

ಬೇಡವೆಂದರೂ ಆರೈಕೆಯಲ್ಲಿ ಕಡಿಮೆ ಮಾಡುವುದಿಲ್ಲ, ಆದರೆ ಬೇಡವೆನ್ನಬೇಕಾದವಳು ಲಗಮವ್ವ, ನಾನಲ್ಲ ಎಂದೂ ಹೇಳಿದರು. ಆಕೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು.

“ಅಪ್ಪಾ, ಬಿಲ್ಲ ತಗೊಂಡ ಮನಿಗಿ ನಡಿ,” ಎಂದಳು. “ನಾ ಒಪ್ಪೀನಿ.”

ಪಾಕೀಟಿನಲ್ಲಿ ಬಂದದ್ದು ಕುರಿಯ ಕರುಳೇ. ಅದು ತಿಳಿದಾಗಿನಿಂದ ನಾನು ಈ ಕಟ್ಟೆ ಬಿಟ್ಟಿಲ್ಲ. ಆಕೆ ಕೆಮ್ಮಿದರೆ ನನ್ನ ಹೊಟ್ಟೆ ನಾನು ಹಿಡಿದುಕೊಳ್ಳುತ್ತೇನೆ. ನಿನ್ನೆ ಗೋಡೆ ಹಿಡಿಯದೆ ನಡೆದಳು, ನುಚ್ಚು ಉಂಡಳು, ಗಡ್ಡ ಬೋಳಿಸಿಕೋ ಎಂದು ನನ್ನನ್ನು ಬೈದಳು. ಹೊಲಿಗೆ ಗಟ್ಟಿಯಿದೆ ಎಂದು ಆಗ ನಂಬಿದೆ.

ನನ್ನ ಉಳಿದ ಆಯುಷ್ಯದಲ್ಲಿ ಅರ್ಧ ನಿನಗೆ, ಅರ್ಧ ಕೂಸಿಗೆ. ಬಿಸಿನೀರು ಕುಡಿ.

ನಿನ್ನ ಮಾವ,
ಅಪ್ಪಾಸಾಬ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ಹೊಲಿಗೆಗೆ ನಿಜವಾದ ಭಾರ ಬೀಳುವುದು ಮುಂದಿನ ಬಸುರಿನಲ್ಲಿ ಎಂದು ಬಾಯಿಯವರು ಹೇಳಿದ್ದಾರೆ. ಎರಡು ವರ್ಷವಾದರೂ ಬಿಡಬೇಕು, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ನಿನ್ನ ತಾಯಿ, ನನ್ನ ಅಕ್ಕ ರಾಮವ್ವ, ಬರುವ ದೀಪಾವಳಿಯೊಳಗೆ ಮೊಮ್ಮಗ ಬೇಕು, ಅದೂ ಮನೆಯಲ್ಲೇ ಹುಟ್ಟಬೇಕು ಎನ್ನುತ್ತಿದ್ದಾಳೆ, ನಿನಗೂ ಬರೆಸುತ್ತಾಳೆ. ಹಡೆದ ತಂದೆ ಇಂಥ ಮಾತನ್ನು ಬೀಗತಿಯ ಮುಂದೆ ಹೇಗೆ ಆಡಲಿ? ರಜೆಗೆ ಬಂದಾಗ ನೀನೇ ಹೇಳು, ನೀನೂ ನೆನಪಿಡು. ಮೊಮ್ಮಗ ತಡವಾಗಿ ಬರಲಿ ಭೀಮಸಿ. ನನಗಿರುವ ಮಗಳು ಇವಳೊಬ್ಬಳೇ.