ಎಂಜಲಿಗೆ ಹೋಗದ ಕಲೆ

ಜೂನ್ 3, ಸಂಜೆ

ಮೂರನೇ ಕ್ಲಾಸು. ಇವತ್ತೂ ಕೌದಿ ಹೊಲಿಗೆ. ಕೌದಿಯ ನಡುವೆ ನೀಲಿ ಬಟ್ಟೆಯ ಹಕ್ಕಿ ಕೂತಾಗಿದೆ, ಇನ್ನು ಅದರ ಸುತ್ತಲಿನ ಬಿಳಿಯನ್ನೆಲ್ಲ ಸಣ್ಣ ಹೊಲಿಗೆಯಿಂದ ತುಂಬಬೇಕು. ಹಿನ್ನೆಲೆ ಹೊಲಿಗೆ ಅನ್ನುತ್ತಾರೆ. ಟೀಚರಮ್ಮನಿಗೆ ಎಪ್ಪತ್ತೆರಡು, ನಾಲಿಗೆಗೆ ಇನ್ನೂ ಇಪ್ಪತ್ತು. "ಸುತ್ತ ಇರೋದನ್ನ ಹೊಲಿಗೇಲಿ ಚೆನ್ನಾಗಿ ತುಳೀರಿ. ಹಕ್ಕಿ ತಾನಾಗೇ ಮೇಲೆ ಬರುತ್ತೆ" ಅಂದರು. ತುಳಿಯುವುದು ನನಗೆ ಕಷ್ಟವಲ್ಲ.

ಸೂಜಿ ಬೆರಳಿಗೆ ನೆಟ್ಟಿತು. ಬಿಳಿಯ ಮೇಲೆ ರಕ್ತ. ತಣ್ಣೀರು ತರಲು ಎದ್ದೆ, ಕೈ ಹಿಡಿದು ಕೂರಿಸಿದರು. "ದಾರದ ತುಂಡು ಬಾಯಲ್ಲಿ ಹಾಕಿ ಜಗೀರಿ. ಅದರಲ್ಲೇ ಉಜ್ಜಿ. ನಿಮ್ಮ ರಕ್ತ ನಿಮ್ಮ ಎಂಜಲಿಗೇ ಹೋಗೋದು, ನನ್ನದು ಹಚ್ಚಿದ್ರೆ ಜಗ್ಗಲ್ಲ." ಆಸ್ಪತ್ರೆ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ರಕ್ತ ಒಗೆದವಳಿಗೆ ಪಾಠ. ನಂಬದೆ ಉಜ್ಜಿದೆ. ಹೋಯಿತು, ನನ್ನ ಮುಖಕ್ಕೆ ಹೊಡೆದ ಹಾಗೆ.

ಕೌದಿ ಮಗಳಿಗೆ ಹುಟ್ಟಲಿರುವ ಕೂಸಿಗೆ. ಮಗಳಿಗೆ ಈಗ ನಾಲ್ಕು ತಿಂಗಳು.

ಜೂನ್ 6

ಬಾಯ್ಲರ್‌ನವನ ಜೊತೆ ಜಗಳ. ರಕ್ತದ ಶೀಟುಗಳನ್ನು ಸೀದಾ ಬಿಸಿನೀರಿಗೆ ಹಾಕಿದ್ದಾನೆ. ಮೂವತ್ತು ಶೀಟು, ಎಲ್ಲದಕ್ಕೂ ಕಂದು ಕಲೆ ಕಚ್ಚಿಕೊಂಡಿದೆ. ಬಕೆಟ್ ಎತ್ತಿ ಬೀಸಿದೆ. ಅವನ ಕಿವಿ ಪಕ್ಕದಲ್ಲಿ ಹೋಗಿ ಗೋಡೆಗೆ ಬಡಿದು ಒಡೆಯಿತು. "ಅಕ್ಕಾ, ನಿಮ್ಮ ಕೈಗೊಂದು ಲೈಸೆನ್ಸ್ ಮಾಡಿಸಬೇಕು" ಅಂದ. ನಗು ಬಂತು.

ಈ ಕೈ ಪಳಗಲಿ ಅಂತಲೇ ಕ್ಲಾಸಿಗೆ ಸೇರಿದ್ದು. ಹನ್ನೊಂದು ವರ್ಷ ಗಂಡನ ಕೈಯಲ್ಲಿ ತಿಂದೆ — ಬೆಲ್ಟು, ಚಪ್ಪಲಿ, ಒಮ್ಮೆ ಕುಕ್ಕರಿನ ಮುಚ್ಚಳ. ಒಂದೇ ಒಂದು ಏಟು ವಾಪಸು ಕೊಡಲಿಲ್ಲ. ಅವನು ಸತ್ತ ಮೇಲೆ ಆ ಬಾಕಿಯೆಲ್ಲ ಕಂಡಕಂಡವರ ಮೇಲೆ...

ಜೂನ್ 14

ಮಗಳು ಬಂದಿದ್ದಾಳೆ, ಎರಡು ದಿನಕ್ಕೆ. ಈ ಸೆಕೆಯಲ್ಲಿ ತುಂಬುತೋಳಿನ ಅಂಗಿ. ನನ್ನ ಕೈಯಿಂದ ಸೂಜಿ ಕಿತ್ತುಕೊಂಡು ತಾನೇ ಕೂತಳು. ಹಕ್ಕಿಯ ಅಂಚನ್ನೇ ಹಿಡಿದು ಸುತ್ತು, ಅದರಾಚೆ ಇನ್ನೊಂದು ಸುತ್ತು, ಕಲ್ಲು ಬಿದ್ದ ನೀರಿನ ಹಾಗೆ. ಗಂಟನ್ನು ಹತ್ತಿಯ ಪದರದೊಳಗೆ ಟಪ್ ಅಂತ ಎಳೆಯುವುದನ್ನು ತೋರಿಸಿಕೊಟ್ಟೆ. ಒಂದೇ ಸಲಕ್ಕೆ ಕಲಿತಳು. "ನೋಡಮ್ಮ, ಗಂಟಿದೆ ಅಂತ ಯಾರಿಗೂ ಗೊತ್ತೇ ಆಗಲ್ಲ" ಅಂದಳು.

ಮೇಲಿನ ಶೆಲ್ಫಿನಿಂದ ಕತ್ತರಿ ತೆಗೆಯಲು ಕೈ ಎತ್ತಿದೆ. ಅವಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ನೋಡಿದೆ. ನೋಡಿಯೂ ದಾರ ಕತ್ತರಿಸುತ್ತಾ ಕೂತೆ. ಸಂಜೆ ಕೇಳಿದಳು: "ಇನ್ನೊಂದು ವಾರ ಇರ್ಲಾ?" "ಅವನು ಒಬ್ಬನೇ ಏನು ಮಾಡ್ಕೋತಾನೆ. ಹೊಂದಿಕೊಂಡು ಹೋಗಬೇಕಮ್ಮ" ಅಂದೆ. ನನ್ನಮ್ಮ ನನಗೆ ಹೇಳಿದ ಮಾತು. ಧ್ವನಿ ಕೂಡ ಅವಳದೇ.

ಜೂನ್ 15

ಅಳಿಯ ಬಂದ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾನೆ. ನಮ್ಮ ಬೀದಿಯ ಹೆಂಗಸರೆಲ್ಲ ಕ್ಲಚ್ಚು ಬಿಡುವುದನ್ನು ಕಲಿತದ್ದು ಅವನಿಂದಲೇ, ಒಬ್ಬರಿಗೂ ಒಂದು ಬಿರುಮಾತಿಲ್ಲ. "ಅತ್ತೆ, ನಿಮ್ಮ ಮಗಳನ್ನ ಕದ್ದುಕೊಂಡು ಹೋಗ್ತಿದೀನಿ" ಅಂದ. ನಕ್ಕೆ. ಅವಳು ನಗಲಿಲ್ಲ. ಕಾರಿನ ಬಾಗಿಲು ನಾನೇ ಹಾಕಿದೆ.

ಜೂನ್ 17

ಹಕ್ಕಿಯ ಪಕ್ಕದಲ್ಲಿ, ಮಗಳು ಕೂತು ಹೊಲಿದ ಕಡೆ, ಒಂದು ಕಲೆ. ಹುಣಸೆ ಬೀಜದಷ್ಟು. ನನ್ನದೇ ಇರಬೇಕು ಅಂದುಕೊಂಡೆ. ದಾರ ಜಗಿದು ಉಜ್ಜಿದೆ. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಹೋಗಲಿಲ್ಲ.

ಕನ್ನಡಕ ಹಾಕಿಕೊಂಡು ನೋಡಿದೆ. ಸೂಜಿ ಚುಚ್ಚಿದ ರಕ್ತ ಸವರಿಕೊಳ್ಳುತ್ತದೆ. ಇದು ಮೇಲಿನಿಂದ ತೊಟ್ಟಿಕ್ಕಿದ್ದು, ಅಂಚಿನಲ್ಲಿ ಸಣ್ಣ ಮುಳ್ಳುಗಳಿವೆ. ಮೂಗಿನದು. ಹಳೆಯ ಏಟು ಬಗ್ಗಿ ಕೂತರೆ ಸೋರುತ್ತದೆ. ನನ್ನದೂ ಸೋರುತ್ತಿತ್ತು.

ಫೋನ್ ಮಾಡಿದೆ. "ಸೂಜಿ ಚುಚ್ತು ಅಷ್ಟೇ ಅಮ್ಮ." ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿಸುತ್ತಿತ್ತು. "ಸರಿ ಬಿಡು" ಅಂದು ಇಟ್ಟೆ. ಇಟ್ಟ ಮೇಲೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಂಡೆ, ಎರಡು.

ಜೂನ್ 19

ಕೌದಿ ಸೊಟ್ಟಗಾಗಿದೆ. ಒಂದು ಮೂಲೆ ಬಿಗಿದು ಮುದುಡಿಕೊಂಡಿದೆ, ಮಿಕ್ಕಿದ್ದು ಸಡಿಲ. ಟೀಚರಮ್ಮ ಬೆರಳಾಡಿಸಿ ಕೇಳಿದರು: "ಈ ಮೂಲೆ ಯಾರನ್ನ ಹೊಡೀತಾ ಹೊಲಿದ್ರಿ?"

ಹೇಳಿಬಿಟ್ಟೆ. ಎಲ್ಲ. ಅವರು ಕತ್ತರಿ ಕೊಟ್ಟರು. "ಬಿಚ್ಚಿ. ಈಗ ತೂತು ಕಾಣುತ್ತೆ, ಒಗೆದ್ರೆ ಮುಚ್ಚಿಕೊಳ್ಳುತ್ತೆ. ಬಟ್ಟೆಗೆ ಮಾತ್ರ ಹಂಗೆ. ನೀವು ಹೋಗಿ ಮಗಳನ್ನ ಕರ್ಕೊಂಡು ಬನ್ನಿ."

ಭಾನುವಾರ ರಜೆ. ಭಾನುವಾರ ಹೋಗುತ್ತೇನೆ.

ಜೂನ್ 21, ಶನಿವಾರ

ಎಮರ್ಜೆನ್ಸಿ ವಾರ್ಡಿನಿಂದ ಒಗೆಯಲು ಬಂದ ಬಟ್ಟೆಗಂಟು ಬಿಚ್ಚಿದೆ. ಶೀಟು, ಶೀಟು, ಹಸಿರು ನೈಟಿ. ಅಂಚು ಮಡಿಚಿ ನೀಲಿ ದಾರದಲ್ಲಿ ಹೊಲಿದಿದೆ. ಹಸಿರು ದಾರ ಮುಗಿದಿತ್ತು ಅಂತ ನೀಲಿ ಹಾಕಿದ್ದು ನಾನು. ಎದೆಯ ಭಾಗವೆಲ್ಲ ರಕ್ತ ಒಣಗಿ ರಟ್ಟಾಗಿದೆ.

ನೈಟಿ ಹಿಡಿದುಕೊಂಡೇ ಮೂರು ಮಹಡಿ ಓಡಿದೆ. ಮಗಳ ದವಡೆ ಮುರಿದು ತಂತಿ ಕಟ್ಟಿದ್ದಾರೆ. ಎರಡು ಪಕ್ಕೆಲುಬು. ಎಡಗಣ್ಣು ಕಾಣುತ್ತಲೇ ಇಲ್ಲ, ಬರೀ ಬಾವು. ಫಾರ್ಮಿನಲ್ಲಿ "ಬಾತ್‌ರೂಮಿನಲ್ಲಿ ಬಿದ್ದದ್ದು". ಯಾವ ಬಾತ್‌ರೂಮು ಕುತ್ತಿಗೆಯ ಮೇಲೆ ನಾಲ್ಕು ಬೆರಳಿನ ಗುರುತು ಬಿಡುತ್ತದೆ?

ಕೂಸಿನ ಎದೆಬಡಿತ ಇದೆ. ನರ್ಸ್ ಕೇಳಿಸಿದಳು. ಗೋಡೆಗೆ ಒರಗಿ ಕೇಳಿದೆ.

ಒಂದು ದಿನ. ಒಂದೇ ದಿನ ಮೊದಲು ಹೋಗಿದ್ದರೆ...

ಜುಲೈ 2

ಮಗಳು ಮನೆಯಲ್ಲಿ. ಕಂಪ್ಲೇಂಟ್ ಕೊಟ್ಟೆವು. ಸ್ಟೇಷನ್ನಿನವನು ಬರೆದುಕೊಂಡು ಪೆನ್ನಿನ ಕ್ಯಾಪು ಹಾಕಿದ. "ಗಂಡ ಹೆಂಡತಿ ವಿಷಯ. ಹೊಂದಿಕೊಂಡು ಹೋಗೋಕೆ ನೋಡಿ." ಅವನ ಕಾಲರ್ ಹಿಡಿಯಲು ಹೋದ ಕೈ ಅರ್ಧಕ್ಕೇ ನಿಂತಿತು. ಆ ಮಾತು ಅವನಿಗಿಂತ ಮೊದಲು ಹೇಳಿದವಳು ನಾನೇ.

ಅವಳಿಗೆ ಮಾತಾಡಲು ಆಗುವುದಿಲ್ಲ, ಚೀಟಿಯಲ್ಲಿ ಬರೆಯುತ್ತಾಳೆ. ಆ ಹುಣಸೆ ಬೀಜದ ಕಲೆ ತೋರಿಸಿದೆ. ಹಲ್ಲು ಕಟ್ಟಿದ್ದಾರೆ, ದಾರವನ್ನು ತುಟಿಯಲ್ಲೇ ನೆನೆಸಿ ಉಜ್ಜಿದಳು. ತುಂಬಾ ಹೊತ್ತು. ಹೋಯಿತು, ನೆರಳಷ್ಟು ಉಳಿದು. ಇಬ್ಬರೂ ಅತ್ತೆವು. ಚೀಟಿಯಲ್ಲಿ ಬರೆದಳು: "ವಾಪಸು ಕಳಿಸಬೇಡ." "ನನ್ನ ಹೆಣ ದಾಟಿಕೊಂಡೇ ಕರ್ಕೊಂಡು ಹೋಗಬೇಕು" ಅಂದೆ.

ಜುಲೈ 9, ಮಧ್ಯಾಹ್ನ 3.20

ಬೇಗ ಬೇಗ ಬರೆಯುತ್ತಿದ್ದೇನೆ. ಬಾಯಿ ತುಂಬ ರಕ್ತ, ಉಗುಳಿ ಉಗುಳಿ ಸಾಕಾಯಿತು.

ಅಳಿಯ ಬಂದ. ಕೈಯಲ್ಲಿ ಹಣ್ಣಿನ ಚೀಲ. "ಅತ್ತೆ, ತಪ್ಪಾಯ್ತು. ಕಾರು ಹೊರಗಿದೆ, ಕಳಿಸಿಕೊಡಿ." ಮಗಳು ತಲೆಯಾಡಿಸಿದಳು. ಚೀಲವನ್ನು ಮೆಲ್ಲಗೆ ಟೇಬಲ್ ಮೇಲಿಟ್ಟ. ಆಮೇಲೆ ಅವಳ ಜಡೆ ಹಿಡಿದು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಎಳೆದ. ಕುರ್ಚಿ ಬಿತ್ತು, ಅವಳು ಬಿದ್ದಳು. ಹೊಲಿಯುತ್ತಿದ್ದ ಸೂಜಿ ಕೈಯಲ್ಲೇ ಇತ್ತು, ಕೌದಿಯೂ ಅವಳ ಹಿಂದೆ ನೆಲದುದ್ದಕ್ಕೂ ಎಳೆದುಕೊಂಡು ಬಂತು. ಹೊಟ್ಟೆಗೆ ಒದೆಯಲು ಕಾಲೆತ್ತಿದ.

ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ನನ್ನ ಕೈಯಲ್ಲಿತ್ತು. ಮೊದಲನೆಯದು ಮುಂಗೈಗೆ, ಮೂಳೆ ತಗಲುವ ತನಕ. ಜಡೆ ಬಿಟ್ಟು ನನ್ನ ಕಡೆ ತಿರುಗಿದ, ಬಾಯಿಗೆ ಗುದ್ದಿದ, ಹಲ್ಲು ಹೋಯಿತು. ಎರಡನೆಯದು ಭುಜಕ್ಕೆ. ಕತ್ತರಿ ಉಲ್ಟಾ ಹಿಡಿದು ಹಿಡಿಕೆಯಿಂದ ಮುಖಕ್ಕೆ. ಮೂಗು ಮುರಿಯಿತು. ಆ ಸದ್ದಿನ ಪರಿಚಯ ನನಗಿದೆ. "ಕೊಂದೇಬಿಡ್ತೀಯಾ?" ಅಂದ. ಅತ್ತೆ ಅನ್ನಲಿಲ್ಲ. "ಹೂಂ" ಅಂದೆ. ಸುಳ್ಳಲ್ಲ. ಮಗಳು ನನ್ನ ಕೈ ಹಿಡಿದು ಜೋತುಬೀಳದಿದ್ದರೆ ಮಾಡಿಯೇ ಬಿಡುತ್ತಿದ್ದೆ.

ತನ್ನ ಕಾಲ ಮೇಲೇ ನಡೆದು ಹೊರಗೆ ಹೋದ. ಸ್ಟೇರಿಂಗ್ ಹಿಡಿಯಲು ಕೈ ಬರಲಿಲ್ಲ. ಅವನಿಂದಲೇ ಕ್ಲಚ್ಚು ಕಲಿತ ಎದುರುಮನೆಯಾಕೆ ಅವನನ್ನು ಆಸ್ಪತ್ರೆಗೆ ಓಡಿಸಿಕೊಂಡು ಹೋದಳು. ಬದುಕುತ್ತಾನೆ. ಸ್ಟೇಷನ್ನಿಗೂ ಹೇಳುತ್ತಾನೆ. ಅವನ ಕಂಪ್ಲೇಂಟಿಗೆ ಪೆನ್ನಿನ ಕ್ಯಾಪು ಅಷ್ಟು ಬೇಗ ಹಾಕುವುದಿಲ್ಲ.

ಹಕ್ಕಿಯ ಕೆಳಗೆ, ಬಿಳಿಯ ಮೇಲೆ, ಅಂಗೈಯಗಲ ಕೆಂಪು. ದಾರ ಜಗಿದು ಉಜ್ಜಿದೆ. ಅಂಚಿನ ಎರಡು ಹನಿ ಹೋಯಿತು, ಅದು ನನ್ನ ಹಲ್ಲಿನದು. ಮಗಳು ದಾರ ನೆನೆಸಿ ಉಜ್ಜಿದಳು. ಮಿಕ್ಕಿದ್ದು ಅಲ್ಲಾಡಲಿಲ್ಲ. ನಮ್ಮಿಬ್ಬರದೂ ಅಲ್ಲ ಅದು. ಕಟ್ಟಿದ ಹಲ್ಲಿನ ಸಂದಿಯಿಂದಲೇ ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ.

ತಣ್ಣೀರು ತರಲು ಎದ್ದೆ. ಸೆರಗು ಹಿಡಿದು ಕೂರಿಸಿ ಚೀಟಿ ಕೊಟ್ಟಳು: "ಇರಲಿ. ಕೂಸು ದೊಡ್ಡದಾದ ಮೇಲೆ ಕೇಳುತ್ತೆ. ಹೇಳೋಣ." ಆಮೇಲೆ ಸೂಜಿ ಎತ್ತಿಕೊಂಡು ಆ ಕಲೆಯ ಅಂಚು ಹಿಡಿದು ಹೊಲಿಯತೊಡಗಿದಳು. ಒಂದು ಸುತ್ತು, ಅದರಾಚೆ ಇನ್ನೊಂದು. ಹೊಲಿಗೆ ಬಿಗಿಯೂ ಇಲ್ಲ, ಸಡಿಲವೂ ಇಲ್ಲ.

ಜೀಪು ನಿಂತಿತು. ಬೂಟುಗಳು ಮೆಟ್ಟಿಲ ಮೇಲೆ. ಅವಳು ತಲೆ ಎತ್ತಿಲ್ಲ. ದಾರ ಇನ್ನು ಒಂದು ಗೇಣು ಉಳಿದಿದೆ. ಗಂಟು ಹಾಕಿ ಒಳಗೆ ಎಳೆಯುವ ತನಕ ಅವರು ಬಾಗಿಲಲ್ಲೇ ನಿಂತಿರಲಿ.