ಲೆಕ್ಕಕ್ಕೆ ಬಾರದ ಮಾತು

ಮಾರ್ಚ್ ೧೪

ನಿನಗೆ,

ಇದಕ್ಕಿಂತ ಹೆಚ್ಚಿನ ಸಂಬೋಧನೆಯ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ನಾವು ಬೇರೆಯಾಗಿ ನಾಲ್ಕು ವರ್ಷಗಳಾದವು. ಈ ಸುದ್ದಿ ಇನ್ನೊಬ್ಬರ ಬಾಯಿಂದ ನಿನ್ನನ್ನು ತಲುಪಬಾರದೆಂದು ಬರೆಯುತ್ತಿದ್ದೇನೆ.

ಹಳೆಯ ಚಿತ್ರಗಳಲ್ಲಿ ಯಾವುವು ಜನರ ನಡುವೆ ಉಳಿದಿವೆ, ಏಕೆ ಉಳಿದಿವೆ ಎಂದು ಅಳೆಯುವ ಕೆಲಸವನ್ನು ಚಿತ್ರ ಭಂಡಾರದವರು ನನಗೆ ವಹಿಸಿದ್ದರು. ಪತ್ರಿಕೆ, ಜಾಹೀರಾತು, ಜನರ ಹರಟೆಯ ಧ್ವನಿಮುದ್ರಣಗಳಲ್ಲಿ ಉಲ್ಲೇಖಗಳನ್ನು ಎಣಿಸಿದೆವು. ಚಿತ್ರದ ಹೆಸರು ಹೇಳಿದ್ದರೆ ಮಾತ್ರ ಲೆಕ್ಕಕ್ಕೆ. ಈ ನಿಯಮ ನನ್ನದು. ಇಪ್ಪತ್ತೇಳು ವರ್ಷಗಳ ಹಿಂದೆ ನೀನು ಸಂಕಲನ ಮಾಡಿದ ಏಕೈಕ ಚಿತ್ರಕ್ಕೆ ನೂರಕ್ಕೆ ನಾಲ್ಕು ಅಂಕ ಬಂತು. ಹತ್ತಕ್ಕಿಂತ ಕಡಿಮೆ ಬಂದವುಗಳ ರೀಲುಗಳನ್ನು ಕಳೆದ ತಿಂಗಳು ನಾಶಪಡಿಸಿದರು. ನಿನ್ನ ಚಿತ್ರದ್ದು ಉಳಿದಿದ್ದುದು ಅದೊಂದೇ ಪ್ರತಿ.

ಸೋಮವಾರ ಕಿಟಕಿಯಿಲ್ಲದ ನಮ್ಮ ಕೊಠಡಿಯಲ್ಲಿ ಕರೆಂಟು ಹೋಯಿತು. ಟೈಪಿಸ್ಟ್ ಹುಡುಗಿ ಕತ್ತಲಲ್ಲೇ, "ಯಾರ್ರೀ ದೀಪ ಆರ್ಸಿದ್ದು? ನನ್ ಜಗಳ ಇನ್ನೂ ಮುಗ್ದಿಲ್ಲ!" ಎಂದಳು. ಎಲ್ಲರೂ ನಕ್ಕರು. ಎಲ್ಲಿಯ ಮಾತು ಎಂದು ಕೇಳಿದೆ. "ಎಲ್ಲೀದೂ ಅಲ್ಲ ಸಾರ್, ನಮ್ಮಜ್ಜಿ ಹೇಳೋರು" ಎಂದಳು. "ನಮ್ಮನೇಲೂ ಹೇಳ್ತಾರೆ. ನಿಮ್ಮಜ್ಜಿ ನಮ್ಮನೆಗೂ ಜಗಳಕ್ಕೆ ಬರ್ತಿದ್ರೇನೋ!" ಎಂದು ಲಿಫ್ಟಿನವನು ರೇಗಿಸಿದ.

ಅದು ನಿನ್ನ ಚಿತ್ರದ್ದು. ನಿರ್ದೇಶಕರು ಬೇಡವೆಂದರೂ ಹಟ ಹಿಡಿದು, ದೀಪ ಆರಿದ ಮೇಲೆ ಎರಡು ಕ್ಷಣ ಬರಿಯ ಕತ್ತಲೆ ಬಿಟ್ಟು ನೀನು ಉಳಿಸಿಕೊಂಡ ಮಾತು.

ಧ್ವನಿಮುದ್ರಣಗಳಲ್ಲಿ ಮತ್ತೆ ಹುಡುಕಿದೆ. ನೂರ ಎಂಬತ್ತೇಳು ಕಡೆ ಸಿಕ್ಕಿತು. ಒಬ್ಬರೂ ಚಿತ್ರದ ಹೆಸರೆತ್ತಿಲ್ಲ. ಅವರ ಪಾಲಿಗೆ ಅದು ಮನೆಮಾತು. ಪರಿಷ್ಕೃತ ಅಂಕ ಎಪ್ಪತ್ತೊಂದು. ಭಂಡಾರದ ಮೇಲ್ವಿಚಾರಕರಿಗೆ ತಿಳಿಸಿದಾಗ, "ತಡ ಆಯ್ತಲ್ಲ ಸಾರ್. ಬೇಕಿದ್ರೆ ಅಂಕಕ್ಕೇ ಫ್ರೇಮ್ ಹಾಕ್ಸಿ ಇಟ್ಕೋತೀವಿ" ಎಂದರು.

"ಎಲ್ಲಾನೂ ಅಳೀತೀರಿ, ಯಾವ್ದೂ ನಿಮಗೆ ತಾಗಲ್ಲ" ಎಂದು ಹೊರಟ ದಿನ ನೀನು ಹೇಳಿದ್ದೆ. ನಾನು ಕ್ಷಮೆ ಕೇಳುತ್ತಿಲ್ಲ. ತಪ್ಪು ನಿಯಮದ್ದು ಎಂದು ದಾಖಲಿಸುತ್ತಿದ್ದೇನೆ, ಅಷ್ಟೆ.

ಇಂತಿ,
ನೀನು 'ಅಳತೆಗೋಲು' ಎಂದು ಕರೆಯುತ್ತಿದ್ದವನು

ಮರೆತ ಮಾತು: ತಪ್ಪು ನಿಯಮದ್ದು ಎಂದು ಮೇಲೆ ಬರೆದದ್ದು ಸುಳ್ಳು. ನಾಶಪಡಿಸುವ ರೀಲುಗಳ ಪಟ್ಟಿಗೆ ಸಹಿ ಹಾಕುವಾಗಲೇ ದೀಪದ ಆ ಮಾತು ನನಗೆ ನೆನಪಿತ್ತು. ಬಿಟ್ಟುಹೋದ ಹೆಂಡತಿಯ ಚಿತ್ರಕ್ಕಾಗಿ ನಿಯಮ ಬಗ್ಗಿಸಿದ ಎನ್ನಿಸಿಕೊಳ್ಳಲು ಹೆದರಿದೆ. ಆ ಚಿತ್ರವನ್ನು ಹನ್ನೊಂದು ಸಲ ನೋಡಿದ್ದೇನೆ. ನಿನಗೆ ಒಮ್ಮೆಯೂ ಹೇಳಿರಲಿಲ್ಲ.